ಟಣ್ಣಕ್ಕನ ಸಾಕ್ಷಿ

ಏಣಿ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಅವಳು ಟಣ್ಣಕ್ಕ. ಅಲ್ಯೂಮಿನಿಯಂ ಏಣಿಯ ಒಂದೊಂದು ಮೆಟ್ಟಿಲನ್ನೂ ಬಿಗಿದು ಹಿಡಿಯುವ ರಿವೆಟ್ಟುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಅವಳ ಕೆಲಸ. ಟಣ್ ಅಂದರೆ ಗಟ್ಟಿ, ಟೊಕ್ ಅಂದರೆ ಸಡಿಲ. ಮೊದಲು ಏಣಿಯ ಮೇಲೆ ಭಾರ ಹೇರಿ ನೋಡುವ ಯಂತ್ರವೊಂದಿತ್ತು. ಅದು ಕೆಟ್ಟಾಗ ಮಾಲೀಕರು, "ಟಣ್ಣಕ್ಕನ ಕಿವಿ ಇರೋವಾಗ ಆ ಡಬ್ಬ ಯಾಕ್ರೀ?" ಎಂದರು. ಅವಳು ಉಬ್ಬಿಹೋದಳು. ಯಂತ್ರ ಮೂಲೆ ಸೇರಿತು. ಅಂದಿನಿಂದ ಪಾಸಾದ ಏಣಿಗಳಿಗೆಲ್ಲ ಬೀಳುತ್ತಿದ್ದದ್ದು ಅವಳ ಹದಿನೇಳನೇ ನಂಬರಿನ ಮುದ್ರೆ ಒಂದೇ.

ಇಪ್ಪತ್ತೆರಡು ವರ್ಷ ಲೋಹ ಕೊಯ್ಯುವ ಗರಗಸದ ಪಕ್ಕದಲ್ಲೇ ಕೂತ ಕಿವಿ ಎಷ್ಟು ದಿನ ತಾನೇ ತಾಳೀತು? ಮೊದಲು ಬಲಗಿವಿ ಮಂದವಾಯಿತು, ಆಮೇಲೆ ಎಡಗಿವಿ. ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಕಿವಿ ಹೋಯಿತೆಂದರೆ ಕೆಲಸ ಹೋಯಿತು. ಕೆಲಸ ಹೋದರೂ ಹೇಗೋ ಬದುಕಬಹುದಿತ್ತು, ಆದರೆ ಟಣ್ಣಕ್ಕ ಅನ್ನಿಸಿಕೊಳ್ಳದೆ ಬದುಕುವುದು ಅವಳಿಗೆ ಗೊತ್ತಿರಲಿಲ್ಲ. ಯಾರು ಏನೇ ಹೇಳಲಿ, "ಹೂಂ" ಅಂದುಬಿಡುವುದನ್ನು ರೂಢಿ ಮಾಡಿಕೊಂಡಳು. "ನಮ್ಮಮ್ಮನ ಹತ್ರ ಮನೆ ಬರೆಸ್ಕೊಳ್ಳೋದು ತುಂಬಾ ಸುಲಭ," ಎಂದು ಮಗಳು ನಗುತ್ತಿದ್ದಳು. ಅದಕ್ಕೂ ಅವಳು ಹೂಂ ಅಂದಳು. ಕಿವಿಗೆ ಕೇಳದಿದ್ದರೇನು, ರಿವೆಟ್ಟು ಸಡಿಲವಿದ್ದರೆ ಕೈಗೆ ತಿಳಿಯುವುದಿಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ತಟ್ಟುತ್ತಲೇ ಇದ್ದಳು, ಪುಣ್ಯಾತ್ಗಿತ್ತಿ.

ಹದಿನೇಳನೇ ನಂಬರಿನ ಏಣಿಯೊಂದರ ಆರನೇ ಮೆಟ್ಟಿಲು ಕಳಚಿಕೊಂಡು, ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಒಬ್ಬ ಬಿದ್ದು ಬೆನ್ನು ಮುರಿದುಕೊಂಡ. ಅವನ ಹೆಂಡತಿ ಕಾರ್ಖಾನೆಯ ಮೇಲೆ ಕೇಸು ಹಾಕಿದಳು. ಏಣಿ ಕಾರ್ಖಾನೆ ಬಿಟ್ಟಾಗ ಸರಿಯಾಗೇ ಇತ್ತು, ಆಮೇಲೆ ಅವನೇ ಎಲ್ಲೆಲ್ಲೋ ಎತ್ತಿಹಾಕಿ ಹಾಳುಮಾಡಿಕೊಂಡಿದ್ದಾನೆ ಎಂದು ಮಾಲೀಕರು ವಾದ ಹೂಡಿದರು. ಆ ಮಾತಿಗೆ ಅವರ ಬಳಿ ಇದ್ದ ಆಧಾರವೆಲ್ಲ ಟಣ್ಣಕ್ಕನೇ.

"ಅಮ್ಮ, ತಟ್ಟಿದೆ, ಟಣ್ ಅಂತು, ಮುದ್ರೆ ಒತ್ತಿದೆ. ಮೂರೇ ಮಾತು," ಎಂದು ಕಾರ್ಖಾನೆಯ ವಕೀಲರು ಅವಳ ಮುಖಕ್ಕೆ ಮುಖ ಕೊಟ್ಟು, ಗಂಟಲು ಏರಿಸಿ ಹೇಳಿಕೊಟ್ಟಿದ್ದರು. "ನೀವು ಅಲ್ಲಾಡದೆ ನಿಂತ್ರೆ ಅವರ ಕೇಸು ಅಲ್ಲಿಗೇ ಮುಗೀತು."

ಕೋರ್ಟಿನಲ್ಲಿ ಆ ಏಣಿಯನ್ನು ಗೋಡೆಗೆ ಒರಗಿಸಿ ಚೀಟಿ ಕಟ್ಟಿದ್ದರು. ಅದರ ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಪೇಂಟರ್ ಇದ್ದ. ಇನ್ನೂ ಚಿಕ್ಕ ವಯಸ್ಸು. ಒಂದು ಮಗ್ಗುಲಿಗೆ ಸರಿಯಬೇಕಾದರೂ ಹೆಂಡತಿಯ ಭುಜ ಹಿಡಿಯುತ್ತಿದ್ದ, ಅವಳು ಆ ಕಡೆ ನೋಡದೆಯೇ ಭುಜ ಕೊಡುತ್ತಿದ್ದಳು. ಟಣ್ಣಕ್ಕ ಅವರಿಂದ ಕಣ್ಣು ತೆಗೆದಳು. ಹೇಳಿಕೊಟ್ಟ ಮೂರು ಮಾತನ್ನು ಒಪ್ಪಿಸಿದಳು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನ್ಯಾಯಾಧೀಶರು ಕಾಗದದಿಂದ ತಲೆ ಎತ್ತದೆ ಏನೋ ಕೇಳಿದರು. ಅವರ ತುಟಿ ಅವಳಿಗೆ ಕಾಣಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು, ಏನಾದರೂ ಹೇಳಲೇಬೇಕಿತ್ತು.

"ಹೂಂ," ಅಂದಳು.

ಅವರು ಕೇಳಿದ್ದು, "ಈ ಏಣೀಲಿ ಯಾವುದಾದ್ರೂ ರಿವೆಟ್ಟು ಟೊಕ್ ಅಂದಿತ್ತಾ?" ಎಂದು.

ಕಾರ್ಖಾನೆಯ ವಕೀಲರು ಚೇಳು ಕುಟುಕಿದವರ ಹಾಗೆ ಎದ್ದರು. "ಸ್ವಾಮಿ, ಇದನ್ನ ಬರೆಸ್ಬೇಡಿ! ನೀವು ಕೇಳಿದ್ದು ಅವರಿಗೆ ಕೇಳಿಸಿಲ್ಲ. ನಾನು ಆಗಿಂದ ಕಿರಿಚ್ಕೊಂಡೇ ಮಾತಾಡ್ತಿಲ್ವಾ? ಅವರಿಗೆ ಕಿವಿ ಸ್ವಲ್ಪ..."

ಮಾತು ಬಾಯಿಂದ ಜಾರಿಹೋಗಿತ್ತು. ನ್ಯಾಯಾಧೀಶರು ತಲೆ ಎತ್ತಿದರು. ಪೇಂಟರ್ ಪರವಾಗಿ ಬಂದಿದ್ದ ವಕೀಲೆ ನಿಧಾನವಾಗಿ ಎದ್ದು ಬಂದು, ಟಣ್ಣಕ್ಕನ ಎದುರಿಗೇ ನಿಂತು, ಒಂದೊಂದೇ ಮಾತು ಬಿಡಿಸಿ ಕೇಳಿದಳು. "ಅಮ್ಮ, ನಿಮ್ಗೆ ಕಿವಿ ಕೇಳಿಸುತ್ತಾ?"

"ನೆಗಡಿ ಆಗಿದೆ, ಕಿವಿ ಕಟ್ಟಿದೆ!" ಕಾರ್ಖಾನೆಯ ವಕೀಲರು ಅಲ್ಲಿಂದಲೇ ಕೂಗಿದರು. "ಇವತ್ತೊಂದಿನ ಅಷ್ಟೇ. ಅಲ್ವಾ ಅಮ್ಮ?"

ಈ ಸಲ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ತಿಳಿಯಿತು. ಇನ್ನೊಂದು ಹೂಂ ಅಂದರೆ ಸಾಕು, ಎರಡು ವರ್ಷ ಕಳೆದರೆ ಮರ್ಯಾದೆಯಾಗಿ ನಿವೃತ್ತಿ. ಅವಳು ಏಣಿಯ ಕಡೆ ನೋಡಿದಳು. ಐದನೇ ಮೆಟ್ಟಿಲಿನ ಮೇಲೆ ಬರೀ ಖಾಲಿ ಜಾಗ. ಕಳಚಿದ ಕಡೆಯ ಎರಡು ತೂತುಗಳು ಇಲ್ಲಿಂದಲೂ ಕಾಣುತ್ತಿದ್ದವು. ಅದರ ಕೆಳಗೆ ಆ ಹುಡುಗಿ ಗಂಡನಿಗೆ ಮತ್ತೆ ಭುಜ ಕೊಡುತ್ತಿದ್ದಳು. ಟಣ್ಣಕ್ಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನೆಗಡಿ ಅಲ್ಲ," ಅಂದಳು. ದನಿ ಎಷ್ಟು ಜೋರಾಯಿತೋ ಅವಳಿಗೆ ಗೊತ್ತಾಗಲಿಲ್ಲ. "ನಾಲ್ಕು ವರ್ಷದಿಂದ ಕೇಳಿಸಲ್ಲ. ಈ ಏಣೀನ ತಟ್ಟಿದ್ದು ನಿಜ. ಅದು ಟಣ್ ಅಂತೋ ಟೊಕ್ ಅಂತೋ ನಂಗೆ ಗೊತ್ತಿಲ್ಲ. ಹೇಳಿದ್ರೆ ಕೆಲಸದಿಂದ ತೆಗೀತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ಭಾರ ಹಾಕೋ ಯಂತ್ರ ಇದ್ದಿದ್ರೆ ಅದಾದ್ರೂ ಹೇಳ್ತಿತ್ತು. ಅದು ಕೆಟ್ಟು ಮೂಲೇಲಿ ಬಿದ್ದಿದೆ." ಆಮೇಲೆ ಪೇಂಟರ್ ಕಡೆ ತಿರುಗಿದಳು. "ನಿಂದೇನೂ ತಪ್ಪಿಲ್ಲಪ್ಪ."

ಪೇಂಟರ್ ಮುಖ ಮುಚ್ಚಿಕೊಂಡ. ಅವನ ಹೆಂಡತಿ ಏನೋ ಅಂದಳು, ಬೈದಳೋ ಅತ್ತಳೋ ತಿಳಿಯಲಿಲ್ಲ. ಕಾರ್ಖಾನೆಯ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತುಬಿಟ್ಟರು.

ನ್ಯಾಯಾಧೀಶರು ಈ ಸಲ ಅವಳ ಕಡೆಗೇ ಬಗ್ಗಿ, ತುಟಿ ಕಾಣುವಂತೆ ಕೇಳಿದರು. "ಈ ನಾಲ್ಕು ವರ್ಷದಲ್ಲಿ ನೀವು ಎಷ್ಟು ಏಣಿ ಪಾಸ್ ಮಾಡಿದ್ದೀರಮ್ಮ?"

"ದಿನಕ್ಕೆ ಅರವತ್ತು," ಅಂದಳು. ಅಲ್ಲಿಂದ ಮುಂದೆ ಲೆಕ್ಕ ಹಾಕಲು ಅವಳ ಕೈಲಾಗಲಿಲ್ಲ.

ಬೆಳಗಿನ ಹನ್ನೊಂದು ಗಂಟೆ, ಎಲ್ಲರೂ ಕೆಲಸದಲ್ಲಿರುವ ಹೊತ್ತು. ಯಾರೋ ಗೋಡೆಗೆ ಬಣ್ಣ ಬಳಿಯುತ್ತಿರುತ್ತಾರೆ, ಯಾರೋ ದೀಪ ಬದಲಾಯಿಸುತ್ತಿರುತ್ತಾರೆ, ಯಾವುದೋ ಅಂಗಡಿಯಲ್ಲಿ ಯಾರೋ ಮೇಲಿನ ಹಲಗೆಗೆ ಕೈ ಚಾಚಿರುತ್ತಾರೆ. ಕಾಲ ಕೆಳಗಿನ ಏಣಿಯ ಮುದ್ರೆಯನ್ನು ಅವರು ನೋಡಿಯೂ ಇರುವುದಿಲ್ಲ. ಟಣ್ಣಕ್ಕ ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಸ್ವಾಮಿ, ನಂಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ," ಅಂದಳು. "ಮೊದಲು ಅವರನ್ನೆಲ್ಲ ಕೆಳಗೆ ಇಳಿಸಿ."