ಒಳಗೆ ಬಿಟ್ಟ ಬಟ್ಟೆ

ಟೈಲರಕ್ಕನ ಕೈ ಬಿಗಿ. ಬ್ಯಾಂಕಿನವರು ಅವಳ ಕ್ರೆಡಿಟ್ ಕಾರ್ಡಿಗೆ ಎರಡು ಲಕ್ಷದ ಮಿತಿ ಕೊಟ್ಟಾಗ ಹೆದರಿ, ಮರುದಿನವೇ ಹೋಗಿ "ನಂಗೆ ಐವತ್ತು ಸಾವಿರ ಸಾಕಪ್ಪ" ಎಂದು ಬರೆದುಕೊಟ್ಟು ಬಂದಿದ್ದಳು. ಅದನ್ನು ಬೀದಿಗೆಲ್ಲ ಹೇಳಿಕೊಂಡು ಬೀಗಿದ್ದಳು ಬೇರೆ. ತಿಂಗಳು ತಿಂಗಳು ಆ ಕಾರ್ಡಿನಲ್ಲಿ ನಲವತ್ತಾರು ಸಾವಿರದ ಬಟ್ಟೆ, ದಾರ, ಗುಂಡಿ ತರುವಳು. ಬಿಲ್ಲಿನ ಕೊನೆಯ ದಿನಕ್ಕೆ ಬಿಡಿಗಾಸೂ ಉಳಿಯದಂತೆ ಕಟ್ಟುವಳು.

ಈಗ ಶಾಲೆಯೊಂದರ ನಾನೂರು ಜೊತೆ ಸಮವಸ್ತ್ರದ ಕೆಲಸ ತಾನಾಗಿ ಬಾಗಿಲಿಗೆ ಬಂದಿತ್ತು. ಅದಕ್ಕೆ ಇನ್ನೆರಡು ಹೊಲಿಗೆ ಯಂತ್ರ ಬೇಕು, ಯಂತ್ರಕ್ಕೆ ಸಾಲ ಬೇಕು. ಬ್ಯಾಂಕು ಕೇಳಿದ ಕ್ರೆಡಿಟ್ ಸ್ಕೋರ್ ಏಳುನೂರ ಐವತ್ತು. ಅವಳದು ಏಳುನೂರ ಎಂಟು! ಬರುವ ತಿಂಗಳ ಐದರವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದರು ಹೆಡ್‌ಮೇಡಂ.

"ಒಂದು ದಿನ ತಪ್ಪಿಸಿಲ್ಲ ಕಣೇ, ಒಂದೇ ಒಂದು ದಿನ!" ಎಂದು ಬೇರೊಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಾದಿನಿಯ ಮುಂದೆ ಕೂಗಾಡಿದಳು.

ನಾದಿನಿ ಬಿಲ್ಲು ನೋಡಿ ಹಣೆ ಚಚ್ಚಿಕೊಂಡಳು. "ಅತ್ತಿಗೆ, ನೀವು ಕಟ್ಟೋದು ಬಿಲ್ ಬಂದ್ಮೇಲೆ. ಬಿಲ್ ಆದ ದಿನ ಎಷ್ಟು ಬಾಕಿ ಇತ್ತೋ ಅದು ಸ್ಕೋರ್ ಹಾಕೋರಿಗೆ ಹೋಗಿಬಿಡತ್ತೆ. ಐವತ್ತರಲ್ಲಿ ನಲವತ್ತಾರು! ಈಯಮ್ಮ ಕತ್ತಿನವರೆಗೂ ಮುಳುಗಿದ್ದಾಳೆ ಅನ್ಕೊಳ್ತಾರೆ. ಎರಡು ಲಕ್ಷಾನೇ ಇಟ್ಕೊಂಡಿದ್ರೆ ಇದು ಕಾಲು ಭಾಗಾನೂ ಆಗ್ತಿರ್ಲಿಲ್ಲ. ನೀವು ಹೊಲಿಗೆ ಒಳಗೆ ಬಟ್ಟೆ ಬಿಡಲ್ವಾ?"

"ಬಿಡದೇ ಇರ್ತೀನಾ? ಬೆಳೆಯೋ ಮಕ್ಕಳ ಬಟ್ಟೇಲಿ ಎರಡು ಇಂಚು..." ಎನ್ನುತ್ತಲೇ ಅವಳಿಗೆ ಹೊಳೆಯಿತು. ಜಾಣತನವೆಂದು ಬೀಗಿದ್ದೇ ಕಾಲಿಗೆ ತೊಡರಿತ್ತು! ನಾಚಿಕೆಯಾಯಿತು, ಅದರ ಹಿಂದೆಯೇ ಹುರುಪೂ ಏರಿತು.

"ಮುಂದಿನ ಬಿಲ್ ಯಾವಾಗ?" ಎಂದಳು ನಾದಿನಿ.

"ನಾಳಿದ್ದು."

"ಹಾಗಾದ್ರೆ ನಾಳೇನೇ ನಲವತ್ತು ಸಾವಿರ ಕಟ್ಟಿಬಿಡಿ. ಬಿಲ್ಲಲ್ಲಿ ಆರೇ ಕಾಣ್ಲಿ."

ಅವತ್ತು ಸಂಜೆ ಟೈಲರಕ್ಕ ನಡೆಯಲಿಲ್ಲ, ಓಡಿದಳು. ಹೊಲಿದಿಟ್ಟ ಬಟ್ಟೆಗಳನ್ನು ಹೆಗಲಿಗೇರಿಸಿ ಮನೆಮನೆ ಸುತ್ತಿ ಕೂಲಿ ವಸೂಲು ಮಾಡಿದಳು. ಯಾರ ಮನೆಯಲ್ಲೂ ಕೂತು ಹರಟಲಿಲ್ಲವೆಂದರೆ ಅವಳ ಅವಸರ ಎಷ್ಟಿತ್ತೆಂದು ನೀವೇ ಊಹಿಸಿ. ಮರುದಿನ ಮಧ್ಯಾಹ್ನದೊಳಗೆ ನಲವತ್ತು ಸಾವಿರ ಕಟ್ಟಿಯಾಗಿತ್ತು.

ಆಮೇಲೆ ಕಾಯುವ ಕೆಲಸ. ದಿನಕ್ಕೆ ಹತ್ತು ಸಲ ಫೋನು ನೋಡುವಳು. "ದಿಟ್ಟಿಸಿ ನೋಡಿದ್ರೆ ನಂಬರ್ ಏರಲ್ಲ ಮಾರಾಯ್ತಿ," ಎಂದು ಗಂಡ ಛೇಡಿಸಿದ. ನಾಲ್ಕನೇ ತಾರೀಕು ಒಬ್ಬಾಕೆಯ ತೋಳಿನ ಅಳತೆ ಹಿಡಿದಿದ್ದಾಗ ಫೋನು ಟಿಣ್ ಎಂದಿತು.

ಏಳುನೂರ ಅರವತ್ತಮೂರು.

"ಅಯ್ಯಯ್ಯೋ, ಏರ್ತು! ಏರ್ತು ಕಣ್ರೀ!" ಎಂದು ಕಿರುಚಿ, ಕುಣಿದು, ಅಳತೆ ಟೇಪನ್ನು ಕತ್ತಿನಲ್ಲೇ ನೇತಾಡಿಸಿಕೊಂಡು ಬ್ಯಾಂಕಿಗೆ ಓಡಿದಳು. ಪಾಪ, ಆ ಗಿರಾಕಿ ಎತ್ತಿದ ಕೈ ಇಳಿಸದೆ ನಿಂತೇ ಇದ್ದಳು.

ಮ್ಯಾನೇಜರು ಸಾಲದ ಕಾಗದಕ್ಕೆ ಸಹಿ ಹಾಕಿದರು. ಅವಳು ಅಲ್ಲಿಂದಲೇ ಹೆಡ್‌ಮೇಡಮ್ಮಿಗೆ ಫೋನು ಮಾಡಿ, "ನಾಳೆ ಮಕ್ಕಳ ಅಳತೆಗೆ ಬರ್ತೀನಿ ಮೇಡಂ," ಎಂದಳು.

"ಕಾರ್ಡಿನ ಮಿತಿ ಮತ್ತೆ ಎರಡು ಲಕ್ಷ ಮಾಡ್ಲಾಮ್ಮ? ಹೋದ ಸಲ ಬೇಡ ಅಂದಿದ್ರಿ," ಎಂದರು ಮ್ಯಾನೇಜರು ಅಳುಕುತ್ತಲೇ.

ಟೈಲರಕ್ಕ ಕತ್ತಿನ ಟೇಪು ಸರಿಮಾಡಿಕೊಂಡಳು. "ಮಾಡಿ ಸಾರ್. ಬೆಳೆಯೋರಿಗೆ ಒಳಗೆ ಬಟ್ಟೆ ಬಿಡ್ಬೇಕು."