ಬಸುರಿಗೆ ಚರಗ

ನನ್ನ ತಂಗಿ ಸಿದ್ದೇಶ್ವರಿಗೆ ಆರು ತಿಂಗಳು. ಮೈಯಲ್ಲಿ ರಕ್ತವಿಲ್ಲ, ಸೊಪ್ಪು ಕಾಳು ತಿನ್ನಿಸಿ, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ಜೀವಕ್ಕೇ ಕಷ್ಟ ಎಂದು ಭಾಲ್ಕಿಯ ಡಾಕ್ಟರಮ್ಮ ಹೇಳಿದ್ದರು. ಗುಳಿಗೆ ನುಂಗಿದರೆ ಅವಳಿಗೆ ವಾಂತಿ. ಹೊಲವಿದ್ದ ಮನೆಗೆ ಕೊಟ್ಟಿದ್ದೇವೆ, ಸೊಪ್ಪಿಗೇನು ಬರ ಎಂದುಕೊಂಡಿದ್ದೆ.

ಬರವೇ. ಜೋಳ, ತೊಗರಿ, ಪುಂಡಿಸೊಪ್ಪು ಎಲ್ಲ ಬೆಳೆಯುತ್ತಿದ್ದ ಆ ಹೊಲದ ತುಂಬ ಈಗ ಸಕ್ಕರೆ ಕಾರ್ಖಾನೆಯ ಕಬ್ಬು. ಮನೆಯವರ ಹೊಟ್ಟೆಗೆ ಅಂಗಡಿಯ ಪಾಲಿಶ್ ಅಕ್ಕಿ, ಬಿಸ್ಕೀಟು. ತಂಗಿಯ ಅತ್ತೆ ಹೀರಾಬಾಯಿಗೆ ಆಗಲೇ ಸಕ್ಕರೆ ಕಾಯಿಲೆ.

ಎಳ್ಳಮಾವಾಸ್ಯೆಗೆ ನಾನು ಬೀದರದ ಚಿದ್ರಿಯಿಂದ ಅವರ ಊರಿಗೆ ಹೋದೆ. ಆ ದಿನ ಭೂತಾಯಿ ಬಸುರಿ. ಬಯಕೆಯ ಊಟ ಒಯ್ದು, ಅವಳ ಪಾಲೆಂದು ಹೊಲಕ್ಕೆಲ್ಲ ಚರಗ ಚೆಲ್ಲಬೇಕು. ಹೀರಾಬಾಯಿ ಮಾಡಿದ ಭಜ್ಜಿ ಪಲ್ಯದ ಸೊಪ್ಪು ಕಾಳೆಲ್ಲ ಭಾಲ್ಕಿ ಸಂತೆಯದು. ಪಾಪ, ಮುದುಕಿಗೆ ಅದೇ ನಾಚಿಕೆ. ಹೊಲದ ಬದುವಿನಲ್ಲಿ ಹತ್ತರಕಿ ಸೊಪ್ಪು ಕಂಡದ್ದೇ ತಡ, ಮುಖ ಅರಳಿತು. ಯಾರೂ ಬಿತ್ತದೆ ತಾನೇ ಹುಟ್ಟುವ ಸೊಪ್ಪು, ಹಸಿಯಾಗಿಯೇ ತಿನ್ನುವುದು. ಕಿತ್ತು, ಸೆರಗಿಗೆ ಒರೆಸಿ, ಸಜ್ಜೆರೊಟ್ಟಿಯಲ್ಲಿ ಸುತ್ತಿ ಸೊಸೆಯ ಬಾಯಿಗೆ ಹಿಡಿದಳು.

ಅವಳ ಮಗ, ನನ್ನ ತಂಗಿಯ ಗಂಡ ಓಂಪ್ರಕಾಶ ಓಡಿಬಂದು ತಾಯಿಯ ಕೈಗೇ ಹೊಡೆದ. ರೊಟ್ಟಿ ಮಣ್ಣಿಗೆ ಬಿತ್ತು.

"ಅದನ್ನ ತಿನ್ನಿಸಬ್ಯಾಡ ಯವ್ವಾ. ನಿನ್ನಿ ಸಂಜೀಕ ಕಸ ಸಾಯೋ ಔಷಧ ಹೊಡದೀನಿ."

ಹಬ್ಬಕ್ಕೆ ಬೀಗರು ಬರುತ್ತಾರೆ, ಕಸದಲ್ಲಿ ಕೂತು ಉಂಡರೆ ಮರ್ಯಾದೆ ಹೋಗುತ್ತದೆ ಎಂದು ಹೊಲ ಸ್ವಚ್ಛ ಮಾಡಿದನಂತೆ. ಔಷಧ ಹೊಡೆಯುವ ಪಂಪು ಕಾರ್ಖಾನೆಯವರೇ ಕೊಟ್ಟಿದ್ದರಂತೆ. ಆ ಬೀಗರೆಂದರೆ ನಾನೇ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಸಿದ್ದೇಶ್ವರಿಯ ತುಟಿಗೆ ಎಲೆಯ ಚೂರು ಅಂಟಿತ್ತು. ಒರೆಸಿ, ಬಾಯಿ ತೊಳೆಸಿದೆ. ಹೀರಾಬಾಯಿ ಕೈ ತೊಳೆದುಕೊಂಡು ಭಜ್ಜಿಯ ಬೋಗುಣಿ ಹಿಡಿದು ಕಬ್ಬಿನ ಮುಂದೆ ನಿಂತಳು. ಚರಗ ಚೆಲ್ಲಲಿಲ್ಲ.

"ನಿನ್ನಿ ಇಕಿಗಿ ವಿಷ ಕುಡಿಸೀದಿ," ಎಂದಳು ಮಗನಿಗೆ, ನೆಲ ತೋರಿಸಿ. "ಇವತ್ತ ಹ್ಯಾಂಗ ಉಣ್ಣು ಅನ್ಲಿ?"

ಬೋಗುಣಿ ಹಾಗೇ ಬುಟ್ಟಿ ಸೇರಿತು. ಆ ನೆಲದ ಮೇಲೆ ಕೂತು ಉಣ್ಣಲು ಯಾರಿಗೂ ಮನಸ್ಸಾಗಲಿಲ್ಲ. ಹೊಟ್ಟೆಯಲ್ಲಿ ಕೂಸಿದ್ದ ಸಿದ್ದೇಶ್ವರಿ ಹಸಿವು ತಡೆಯದೆ, ಮರಳುವ ದಾರಿಯ ಅಂಗಡಿಯಲ್ಲಿ ಬಿಸ್ಕೀಟಿನ ಪುಡಿಕೆ ಕೊಡಿಸಿಕೊಂಡು ಗಬಗಬ ತಿಂದಳು. ಅದರೊಳಗಿನ ಸಕ್ಕರೆ ಆ ಹೊಲದ ಕಬ್ಬಿನದೇ ಇದ್ದರೂ ಇರಬಹುದು.