ಹನ್ನೆರಡು ಬಾಟಲಿಗಳ ಕತ್ತು

ಕಿತ್ತಳೆ ಪಾನೀಯದ ಬಾಟಲಿಯ ಕತ್ತಿನಲ್ಲಿ ಕೆಲವೊಮ್ಮೆ ಎಣ್ಣೆಯ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಇದರ ಬಗ್ಗೆ ಮನುಷ್ಯಕುಲ ಇನ್ನೂ ಗಂಭೀರವಾಗಿ ಚಿಂತಿಸದಿರುವುದು ವಿಷಾದನೀಯ. 1987ರಲ್ಲಿ ಒಮಾನಿನ ಬರ್ಕಾ ಪಟ್ಟಣದ ಪುಟ್ಟ ಪಾನೀಯ ಕಾರ್ಖಾನೆಯಲ್ಲಿ ಒಬ್ಬನಂತೂ ಚಿಂತಿಸುತ್ತಿದ್ದ: ಮೈಸೂರಿನ ಕೆಮಿಸ್ಟ್ ಗೋಪಾಲಕೃಷ್ಣ.

ಕಿತ್ತಳೆಯ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಬೆರೆತಂತೆ ಹಿಡಿದಿಡುವುದು ಮರದ ಗೋಂದು. ಲಕೋಟೆ ಅಂಟಿಸುವುದೂ ಅದೇ, ಬಾಣಂತಿಯ ಉಂಡೆಗೆ ಬೀಳುವುದೂ ಅದೇ. ಕಾರ್ಖಾನೆಯ ಗೋಂದಿನ ಮೂಟೆಗಳು ಬಂದರಿನಲ್ಲಿ ಸಿಕ್ಕಿಕೊಂಡಿದ್ದವು. ಕಾರ್ಖಾನೆಯ ಮಾಲೀಕರೂ ಅವನ ವೀಸಾದ ಜವಾಬ್ದಾರರೂ ಆದ ಕಫೀಲರು ಬುಧವಾರ ಮಾದರಿ ನೋಡಲು ಬರುವವರಿದ್ದರು. ಹಿಂದಿನ ಸಲ ಉಂಗುರ ಕಂಡು, "ಇನ್ನೊಮ್ಮೆ ಹೀಗಾದರೆ ವೀಸಾ ಖಲಾಸ್" ಎಂದಿದ್ದರು. ಹೆಂಡತಿ ಕಾಂತಾಮಣಿಗೆ ಎಂಟನೆಯ ತಿಂಗಳು; ವಿಮಾನ ಹತ್ತಲೇಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಡುಗೆಮನೆಯಲ್ಲಿ ಅತ್ತೆ ಪುಟ್ಟಲಕ್ಷ್ಮಮ್ಮ ಕಳಿಸಿದ್ದ ಡಬ್ಬಿಯಿತ್ತು. ಮೇಲೆ ಚೀಟಿ: 'ಗೋಂದು, ಬಾಣಂತನಕ್ಕೆ.' ಭಾನುವಾರ ಅವನು ಹೆಂಡತಿಗೆ ಹೇಳದೆ ಅರ್ಧ ಡಬ್ಬಿ ಪುಡಿ ಒಯ್ದ. ಕಾರ್ಖಾನೆಯದಕ್ಕಿಂತ ಬೆಳ್ಳಗಿತ್ತು. ಊರಿನ ಮಾಲು, ಶುದ್ಧವಾಗಿಯೇ ಇರುತ್ತದೆ ಎಂದುಕೊಂಡ. ಹನ್ನೆರಡು ಬಾಟಲಿ ತುಂಬಿ ಕಿಟಕಿಯಲ್ಲಿ ನಿಲ್ಲಿಸಿದ.

ಸೋಮವಾರ ಕತ್ತುಗಳು ಸ್ವಚ್ಛವಾಗಿದ್ದವು. ಮಂಗಳವಾರ ಯಂತ್ರ ನೋಡಿಕೊಳ್ಳುವ ಉಡುಪಿಯ ಕೊರಗಪ್ಪ ಒಂದನ್ನು ಮೂಸಿದ.

"ಎಂತ ಸಾರ್, ಜ್ಯೂಸಿಗೆ ಮೈಸೂರುಪಾಕಿನ ಪರಿಮಳ ಉಂಟಲ್ಲ ಮಾರಾಯ್ರೆ?"

"ನಿನಗೆ ಯಾವಾಗಲೂ ತಿಂಡಿದೇ ಯೋಚನೆ ಕಣಯ್ಯಾ."

"ನನ್ನ ಮೂಗು ಸರಿ ಉಂಟು ಸಾರ್. ನೆಗಡಿ ನಿಮಗೆ."

ಅಂದು ಸಂಜೆ ಊಟಕ್ಕೆ ಕೂತಾಗ ಕಾಂತಾಮಣಿ ಡಬ್ಬಿ ಅಲ್ಲಾಡಿಸಿದಳು. "ರೀ, ಇದ್ಯಾಕೆ ಇಷ್ಟು ಹಗುರ?"

ಅವನು ಹೇಳಿದ.

"ಅಯ್ಯೋ, ಅದು ಹಸಿ ಗೋಂದಲ್ಲಾರೀ! ಬಸುರಿ ಒಲೆ ಮುಂದೆ ನಿಲ್ಲೋದು ಬೇಡ ಅಂತ ಅಮ್ಮ ತುಪ್ಪದಲ್ಲಿ ಹುರಿದು ಪುಡಿ ಮಾಡಿ ಕಳಿಸಿದ್ದು."

ತುಪ್ಪ ತೇಲುತ್ತದೆ ಎಂದು ತಿಳಿಯಲು ಎಂಎಸ್ಸಿ ಬೇಕಿಲ್ಲ. ಅವನದು ಎಂಎಸ್ಸಿ ಆಗಿದ್ದರಿಂದ ಯಾವ ಹೊತ್ತಿಗೆ ತೇಲುತ್ತದೆ ಎಂಬುದೂ ತಿಳಿಯಿತು. ಕಲಸಿದ ಅನ್ನ ತಟ್ಟೆಯಲ್ಲೇ ಒಣಗಿತು. ಹೆಂಡತಿಯ ಹೊಟ್ಟೆಯ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಹೊಸದಾಗಿ ತುಂಬಲು ಬೇರೆ ಗೋಂದೂ ಇರಲಿಲ್ಲ.

ಬುಧವಾರ ಹನ್ನೆರಡು ಕತ್ತುಗಳಲ್ಲಿ ಹನ್ನೆರಡು ಉಂಗುರಗಳಿದ್ದವು. ಕಫೀಲರು ಒಂದನ್ನೆತ್ತಿ ಬೆಳಕಿಗೆ ತಿರುಗಿಸಿದರು.

"ಏ ಕ್ಯಾ ಹೈ?"

ಬಂದರಿನ ತಡ, ಬಿಸಿಲು, ಕೆಟ್ಟ ಬಾಟಲಿ: ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಸುಳ್ಳುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಹರಕು ಹಿಂದಿಯಲ್ಲಿ ಅತ್ತೆ, ತುಪ್ಪ, ಬಾಣಂತನದ ಉಂಡೆ ಎಲ್ಲವನ್ನೂ ಹೇಳಿಬಿಟ್ಟ. ಕೊರಗಪ್ಪ ಕೇಳಲೆಂದೇ ಯಂತ್ರ ನಿಲ್ಲಿಸಿದ.

ಕಫೀಲರು ಬಾಟಲಿ ಕೆಳಗಿಟ್ಟರು. ನಗಲಿಲ್ಲ. "ಎಷ್ಟು ತಿಂಗಳು?" ಎಂದಷ್ಟೇ ಕೇಳಿದರು.

ಹೆರಿಗೆಯಾಗಿ ನಲವತ್ತು ದಿನಗಳವರೆಗೆ ವೀಸಾ ಇರಲಿ, ಆಮೇಲೆ ಖಲಾಸ್ ಎಂದು ಆಫೀಸಿನಲ್ಲಿ ಬರೆಸಿದರು. ನಲವತ್ತೊಂದನೆಯ ದಿನ ಮೂವರೂ ಊರಿನ ವಿಮಾನ ಹತ್ತಿದರು.